ಬಿ ಫಾರಂ ಇಲ್ಲದ ವರ್ಷಗಳು: ಜಿಲ್ಲಾ ಪಂಚಾಯಿತಿ ಚುನಾವಣೆ ನಿಂತಾಗ ಮಹಿಳೆಯರು ಕಳೆದುಕೊಂಡದ್ದು

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಮತದಾನ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಗ ಆರಿಸಿ ಬಂದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. 2025ರ ಮೇ ತಿಂಗಳಿಗೆ ಆ ಖಾಲಿತನಕ್ಕೆ ನಾಲ್ಕು ವರ್ಷ ತುಂಬಿತು. ಇದನ್ನು ಎಲ್ಲರೂ ಅಧಿಕಾರ ವಿಕೇಂದ್ರೀಕರಣದ ಸಮಸ್ಯೆ ಎಂದೇ ಬರೆಯುತ್ತಾರೆ. ಅದು ಸರಿಯೇ. ಆದರೆ ಇದರಿಂದ ಜಾಸ್ತಿ ಪೆಟ್ಟು ಬಿದ್ದದ್ದು ರಾಜಕೀಯಕ್ಕೆ ಬರಬೇಕೆಂದಿದ್ದ ಹಳ್ಳಿಯ ಹೆಣ್ಣುಮಕ್ಕಳಿಗೆ. ಆ ಮಾತು ಚರ್ಚೆಯಲ್ಲಿ ಬರುವುದೇ ಇಲ್ಲ. ಈ ಪ್ರಕರಣವನ್ನು ಆ ಕಡೆಯಿಂದ ನೋಡೋಣ.

ಮೊದಲು ಒಂದು ವ್ಯತ್ಯಾಸ ಗಮನಿಸಬೇಕು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಊರಲ್ಲಿ ಯಾರು ಯಾವ ಪಕ್ಷದ ಕಡೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಕಾಗದದ ಮೇಲೆ ಪಕ್ಷ ಇಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಹಾಗಲ್ಲ. ಅಲ್ಲಿ ಚಿಹ್ನೆ ಇದೆ, ಬಿ ಫಾರಂ (ಇವರೇ ನಮ್ಮ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ) ಇದೆ, ಟಿಕೆಟ್ ಆಕಾಂಕ್ಷಿಗಳ ಸಾಲು ಇದೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಹಾಗಾಗಿ ಹಳ್ಳಿಗಾಡಿನ ರಾಜಕೀಯದಲ್ಲಿ ಪಕ್ಷಗಳು ಕಾನೂನಿನ ಒತ್ತಾಯಕ್ಕೆ ಹೆಂಗಸರ ಕೈಗೆ ಬಿ ಫಾರಂ ಕೊಡಲೇಬೇಕಾದ ಜಾಗ ಎಂದರೆ ಇವೆರಡೇ. ಗ್ರಾಮ ಪಂಚಾಯಿತಿಯಲ್ಲಿ ಮೀಸಲಾತಿ ಇದೆ, ಪಕ್ಷ ಇಲ್ಲ. ವಿಧಾನಸಭೆಯಲ್ಲಿ ಪಕ್ಷ ಇದೆ, ಮಹಿಳಾ ಮೀಸಲಾತಿ ಇಲ್ಲ. ಎರಡೂ ಒಟ್ಟಿಗೆ ಸಿಗುವುದು ನಡುವಿನ ಈ ಮೆಟ್ಟಿಲಲ್ಲಿ ಮಾತ್ರ. ಮುರಿದು ಬಿದ್ದಿರುವುದೂ ಅದೇ ಮೆಟ್ಟಿಲು.

ಲೆಕ್ಕ ನೋಡಿ. 2016ರಲ್ಲಿ 30 ಜಿಲ್ಲಾ ಪಂಚಾಯಿತಿಗಳಿದ್ದವು, ಅವುಗಳಲ್ಲಿ 1,083 ಸ್ಥಾನ. ತಾಲ್ಲೂಕು ಪಂಚಾಯಿತಿಗಳಲ್ಲಿ 3,900ಕ್ಕೂ ಹೆಚ್ಚು. ಅರ್ಧ ಎಂದರೆ ಎರಡೂ ಸೇರಿ ಸುಮಾರು ಎರಡೂವರೆ ಸಾವಿರ ಮಹಿಳಾ ಸದಸ್ಯರು. ಇದು ಗೆದ್ದವರ ಲೆಕ್ಕ. ಒಂದೊಂದು ಮೀಸಲು ಕ್ಷೇತ್ರದಲ್ಲಿ ಎರಡು ಪಕ್ಷಗಳಾದರೂ ಅಭ್ಯರ್ಥಿ ನಿಲ್ಲಿಸುತ್ತವೆ ಎಂದುಕೊಂಡರೂ ಐದು ಸಾವಿರದಷ್ಟು ಹೆಣ್ಣುಮಕ್ಕಳ ಹೆಸರಲ್ಲಿ ಬಿ ಫಾರಂ ಹೊರಡುತ್ತದೆ. ಸೋತವರೂ ಸುಮ್ನೆ ಸೋಲುವುದಿಲ್ಲ. ನಾಮಪತ್ರ ತುಂಬುವುದು, ಖರ್ಚಿನ ಲೆಕ್ಕ ಕೊಡುವುದು, ಬೂತ್ ಏಜೆಂಟ್ ಕೂರಿಸುವುದು, ಪಕ್ಷದ ಮುಖಂಡರ ಎದುರು ತನ್ನ ಪರವಾಗಿ ತಾನೇ ಮಾತಾಡುವುದು, ಇದೆಲ್ಲ ಒಂದು ಸಲ ಮಾಡಿದವರಿಗೆ ಎರಡನೆಯ ಸಲ ಹೆದರಿಕೆ ಇರುವುದಿಲ್ಲ.

ಮೀಸಲಾತಿ ಪಟ್ಟಿ ಹೊರಬಿದ್ದಾಗ

ಜಿಲ್ಲಾ ಪಂಚಾಯಿತಿ ಚುನಾವಣೆ ಹತ್ತಿರ ಬಂದಾಗ ತಾಲ್ಲೂಕು ಕೇಂದ್ರಗಳಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎಲ್ಲರೂ ಕಾಯುವುದು ಮೀಸಲಾತಿ ಪಟ್ಟಿಗೆ. ಐದು ವರ್ಷ ಓಡಾಡಿ, ಮದುವೆ–ತಿಥಿ ಎನ್ನದೆ ಎಲ್ಲ ಮನೆಗೂ ಹೋಗಿ ಬಂದ ಗಂಡಸು ಪಟ್ಟಿ ನೋಡುತ್ತಾನೆ: ‘ಸಾಮಾನ್ಯ ಮಹಿಳೆ’. ಅಥವಾ ‘ಹಿಂದುಳಿದ ವರ್ಗ ಅ ಮಹಿಳೆ’. ಅಲ್ಲಿಗೆ ಅವನ ಲೆಕ್ಕಾಚಾರ ತಲೆಕೆಳಗು.

ಆಮೇಲೆ ಎರಡು ದಾರಿ. ಒಂದು, ಅವನ ಹೆಂಡತಿ ಅಥವಾ ಸೊಸೆಯ ಹೆಸರು ಮುಂದೆ ಬರುತ್ತದೆ. ಇದು ಜಾಸ್ತಿ ಆಗುವುದು, ಸುಳ್ಳು ಹೇಳುವುದು ಬೇಡ. ಎರಡನೆಯದು, ಮನೆಯಲ್ಲಿ ಆ ವರ್ಗಕ್ಕೆ ಸೇರಿದ, ನಿಲ್ಲಬಲ್ಲ ಹೆಣ್ಣುಮಗಳು ಸಿಗದಿದ್ದಾಗ ಪಕ್ಷ ಹೊರಗೆ ಹುಡುಕಬೇಕಾಗುತ್ತದೆ. ಆಗ ಕಣ್ಣಿಗೆ ಬೀಳುವುದು ಸ್ತ್ರೀಶಕ್ತಿ ಸಂಘ ನಡೆಸಿದವಳು, ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿ ಮೂವತ್ತು ತಿಂಗಳು ಕೆಲಸ ಮಾಡಿದವಳು, ಹಾಲಿನ ಸಂಘದಲ್ಲಿ ಲೆಕ್ಕ ನೋಡಿದವಳು. ಪಕ್ಷದ ಕಚೇರಿಗೆ ಒಂದು ಸಲವೂ ಹೋಗದ ಹೆಣ್ಣುಮಗಳ ಮನೆಗೆ ಬ್ಲಾಕ್ ಅಧ್ಯಕ್ಷರು ತಾವೇ ಬಂದು, ‘ಅಕ್ಕ, ಈ ಸಲ ನೀವು ನಿಲ್ಲಬೇಕು’ ಅನ್ನುತ್ತಾರೆ. ಉಳಿದ ಯಾವ ಚುನಾವಣೆಯಲ್ಲೂ ಹೀಗಾಗುವುದಿಲ್ಲ. ಉಳಿದ ಕಡೆಯೆಲ್ಲ ಹೆಣ್ಣುಮಗಳು ಪಕ್ಷದ ಬಾಗಿಲು ತಟ್ಟುತ್ತಾಳೆ. ಇಲ್ಲಿ ಪಕ್ಷ ಅವಳ ಬಾಗಿಲು ತಟ್ಟುತ್ತದೆ. ಮೀಸಲಾತಿ ಮಾಡಿದ ಕೆಲಸಗಳಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದು.

ಮೊದಲ ದಾರಿಯಲ್ಲಿ ಬಂದವರ ಬಗ್ಗೆಯೂ ಒಂದು ಮಾತು. ‘ಅಧ್ಯಕ್ಷೆ ಹೆಸರಿಗೆ, ದರ್ಬಾರು ಗಂಡನದು’ ಎಂಬ ದೂರು ಹಳೆಯದು, ನಿಜವೂ ಹೌದು. ಆದರೆ ಜಿಲ್ಲಾ ಪಂಚಾಯಿತಿ ಸಭೆ ಊರ ಕಟ್ಟೆಯಲ್ಲಿ ನಡೆಯುವುದಿಲ್ಲ. ಅದು ಜಿಲ್ಲಾ ಕೇಂದ್ರದಲ್ಲಿ, ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಮತ್ತು ಇಲಾಖೆಗಳ ಅಧಿಕಾರಿಗಳ ಮುಂದೆ ನಡೆಯುತ್ತದೆ. ಸದಸ್ಯೆಯ ಕುರ್ಚಿಯಲ್ಲಿ ಗಂಡ ಕೂರುವಂತಿಲ್ಲ. ಶಾಲೆಗೆ ಕೊಠಡಿ ಯಾಕೆ ಬಂದಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಯಾಕಿಲ್ಲ, ಕೊಳವೆಬಾವಿ ಬಿಲ್ಲು ಎರಡು ಸಲ ಹೇಗೆ ಆಯಿತು ಎಂದು ಅವಳೇ ಎದ್ದು ಕೇಳಬೇಕು. ಸ್ಥಾಯಿ ಸಮಿತಿ ಸಿಕ್ಕರಂತೂ ಕಡತ ಓದಲೇಬೇಕು. ಗಂಡನ ನೆರಳಲ್ಲಿ ಬಂದ ಎಷ್ಟೋ ಮಂದಿ ಎರಡು ವರ್ಷ ಆಗುವಷ್ಟರಲ್ಲಿ ನೆರಳಿಂದ ಹೊರಗೆ ಬರುವುದು ಈ ಕಾರಣಕ್ಕೆ. ಎಲ್ಲರೂ ಬರುವುದಿಲ್ಲ. ಆದರೆ ಸಭೆಯೇ ಇಲ್ಲದಿದ್ದರೆ ಒಬ್ಬಳೂ ಬರುವುದಿಲ್ಲ ಅಲ್ವಾ?

ನಿಂತದ್ದು ಹೇಗೆ

ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ. ಪಂಚಾಯಿತಿಯ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿಯಬೇಕು. ರಾಜ್ಯ ಚುನಾವಣಾ ಆಯೋಗ 2021ರಲ್ಲಿ ಸಿದ್ಧವಾಗಿಯೇ ಇತ್ತು. ಕ್ಷೇತ್ರಗಳನ್ನು ವಿಂಗಡಿಸಿತ್ತು. ಜುಲೈನಲ್ಲಿ ಮೀಸಲಾತಿಯ ಕರಡು ಪಟ್ಟಿಯನ್ನೂ ಪ್ರಕಟಿಸಿತು. ಕೋವಿಡ್ ಎರಡನೆಯ ಅಲೆ ಆಗಷ್ಟೇ ಇಳಿದಿತ್ತು, ಹಾಗಾಗಿ ಒಂದೆರಡು ತಿಂಗಳು ತಡವಾದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಸರ್ಕಾರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೇ ತಿದ್ದುಪಡಿ ತಂದಿತು. ಕ್ಷೇತ್ರ ವಿಂಗಡಣೆಯ ಅಧಿಕಾರ ಚುನಾವಣಾ ಆಯೋಗದ ಕೈತಪ್ಪಿ, ಹೊಸದಾಗಿ ಮಾಡಿದ ಸೀಮಾ ನಿರ್ಣಯ ಆಯೋಗಕ್ಕೆ ಹೋಯಿತು. ಚುನಾವಣಾ ಆಯೋಗ ಅದುವರೆಗೆ ಮಾಡಿದ್ದ ಕೆಲಸ ನೀರಿಗೆ ಹೋಯಿತು. ಇನ್ನೊಂದು ಕಡೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚಿನಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡಬೇಕಾದರೆ ಮೂರು ಪರೀಕ್ಷೆ ದಾಟಬೇಕು ಎಂದಿತ್ತು. ಆಯೋಗ ರಚಿಸಿ ಅಧ್ಯಯನ ಮಾಡಿಸುವುದೇ ಅದರಲ್ಲಿ ಮೊದಲನೆಯದು. ಅದಕ್ಕಾಗಿ ನಿವೃತ್ತ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗ ರಚನೆಯಾದದ್ದು 2022ರ ಮೇ ತಿಂಗಳಲ್ಲಿ. ತೀರ್ಪು ಬಂದು ಒಂದು ವರ್ಷ ದಾಟಿದ ಮೇಲೆ! ಆ ಆಯೋಗ ಕೆಲವೇ ತಿಂಗಳಲ್ಲಿ ವರದಿ ಕೊಟ್ಟಿತು. ಅಂದರೆ ಮನಸ್ಸಿದ್ದರೆ ಬೇಗ ಆಗುವ ಕೆಲಸವೇ ಅದು.

ವಿಷಯ ಹೈಕೋರ್ಟಿಗೆ ಹೋಯಿತು. ವಿಳಂಬಕ್ಕೆ ಬೇಸತ್ತ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ‘ಚುನಾವಣೆ ಯಾಕೆ ಮಾಡುತ್ತಿಲ್ಲ’ ಎಂದು ಕೇಳುತ್ತಿದ್ದವರು ಅಧಿಕಾರಕ್ಕೆ ಬಂದರು. ಚುನಾವಣೆ ಬರಲಿಲ್ಲ. ಇದನ್ನು ಒಂದು ಪಕ್ಷದ ತಪ್ಪು ಎಂದು ಬರೆದು ಮುಗಿಸಲು ಆಗದಿರುವುದು ಇದಕ್ಕೇ. ಈ ಒಂದು ವಿಷಯದಲ್ಲಿ ಬದ್ಧ ವಿರೋಧಿಗಳ ನಡವಳಿಕೆ ಒಂದೇ ಥರ ಇದೆ.

ಯಾಕೆ ಹೀಗೆ? ನನಗೆ ತೋರುವ ಕಾರಣ ಸರಳ. ಜಿಲ್ಲಾ ಪಂಚಾಯಿತಿ ಸದಸ್ಯರಿಲ್ಲದಿದ್ದರೆ ತಾಲ್ಲೂಕಿನಲ್ಲಿ ಶಾಸಕರ ಮಾತೇ ಕೊನೆಯ ಮಾತು. ಯಾವ ರಸ್ತೆ ಮೊದಲು, ಯಾವ ಊರಿಗೆ ನೀರಿನ ಟ್ಯಾಂಕು ಎಂದು ಕೇಳಲು ಆಡಳಿತಾಧಿಕಾರಿ ಬಿಟ್ಟರೆ ಇನ್ನೊಬ್ಬರಿಲ್ಲ. 2011ರ ಜನಗಣತಿಯ ಗ್ರಾಮೀಣ ಜನಸಂಖ್ಯೆಯನ್ನು ಹಿಡಿದು ಭಾಗಿಸಿದರೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯೆಯ ಹಿಂದೆ ಸುಮಾರು 35 ಸಾವಿರ ಜನ ಇರುತ್ತಾರೆ. ಅಷ್ಟು ಜನರ ನಡುವೆ ಹೆಸರು ಮಾಡಿದವರು ಮುಂದಿನ ವಿಧಾನಸಭಾ ಚುನಾವಣೆಗೆ ಟಿಕೆಟ್ ಕೇಳುವುದು ಸಹಜ. ಇರುವ ಶಾಸಕರಿಗೆ ಸ್ವಂತ ಪಕ್ಷದಲ್ಲೇ ಒಬ್ಬ ಎದುರಾಳಿ ಹುಟ್ಟಿದ ಹಾಗೆ. ಆ ಎದುರಾಳಿಗಳಲ್ಲಿ ಅರ್ಧ ಮಂದಿ ಹೆಂಗಸರು ಎಂಬುದನ್ನೂ ಇದಕ್ಕೆ ಸೇರಿಸಿ ನೋಡಿ.

ಹೀಗೆ ಹಿಂದೆಯೂ ಆಗಿತ್ತು

ಕರ್ನಾಟಕ ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ. ಅದಕ್ಕೇ ಇದು ಹೆಚ್ಚು ನೋಯಿಸುತ್ತದೆ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಹಟ ಹಿಡಿದು ತಂದ 1983ರ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು. ದೇಶದ ಪಂಚಾಯಿತಿಗಳಿಗೆಲ್ಲ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿಗೆ ಹತ್ತು ವರ್ಷ ಮೊದಲು ಬರೆದ ಕಾನೂನು ಅದು. 1987ರಲ್ಲಿ ಚುನಾವಣೆ ನಡೆದಾಗ ಮಂಡಲ ಪಂಚಾಯಿತಿಗಳಿಗೆ (ಕೆಲವು ಊರುಗಳನ್ನು ಸೇರಿಸಿ ಮಾಡಿದ ಆಗಿನ ಪಂಚಾಯಿತಿ) ಸುಮಾರು 14 ಸಾವಿರ ಹೆಂಗಸರು ಬಂದರು. ಜಿಲ್ಲಾ ಪಂಚಾಯಿತಿಯ ಆಗಿನ ರೂಪವಾದ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು. ಬರಗಾಲದಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಆ ಮಂತ್ರಿ 1988ರಲ್ಲಿ ತೀರಿಕೊಂಡರು.

1987ರಲ್ಲಿ ಬಂದವರ ಅವಧಿ ಮುಗಿದಾಗ ಚುನಾವಣೆ ಆಗಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಕೇಂದ್ರದ ತಿದ್ದುಪಡಿ ಜಾರಿಯಾಗಿ, 1993ರ ಹೊಸ ಕಾಯ್ದೆ ಬಂದು, ಆ ವರ್ಷದ ಕೊನೆಗೆ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ 1995ರವರೆಗೆ ಕಾಯಬೇಕಾಯಿತು. ಮೊದಲ ತಲೆಮಾರಿನ ಆ ಹೆಂಗಸರು ಐದು ವರ್ಷ ಕಲಿತದ್ದನ್ನು ಮುಂದುವರಿಸಲು ಜಾಗವಿಲ್ಲದೆ ಮನೆಗೆ ಮರಳಿದರು. 2010ರಲ್ಲಿ ಮೀಸಲಾತಿ ಶೇ 50ಕ್ಕೆ ಏರಿತು. ಅರ್ಧ ಸ್ಥಾನ ಕೊಡುವ ಕಾನೂನು ಈಗ ಪುಸ್ತಕದಲ್ಲಿದೆ, ಸ್ಥಾನಗಳೇ ಇಲ್ಲ.

ಮೇಲಿನ ಮೆಟ್ಟಿಲಲ್ಲಿ ಕಾಣುವುದು

ನಡುವಿನ ಮೆಟ್ಟಿಲು ಇದ್ದಾಗ ಹೆಂಗಸರು ವಿಧಾನಸಭೆಗೆ ಹಿಂಡು ಹಿಂಡಾಗಿ ಹೋದರೇ? ಇಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 1962ರಲ್ಲಿ 208 ಸ್ಥಾನಗಳ ಮೈಸೂರು ವಿಧಾನಸಭೆಯಲ್ಲಿ 18 ಶಾಸಕಿಯರಿದ್ದರು. ಆ ಸಂಖ್ಯೆಯನ್ನು ಆಮೇಲೆ ಯಾವ ಸಾರ್ವತ್ರಿಕ ಚುನಾವಣೆಯಲ್ಲೂ ಮುಟ್ಟಿಲ್ಲ. 1972ರಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ವಿಧಾನಸಭಾಧ್ಯಕ್ಷರಾದರು. ಆ ಕುರ್ಚಿಯಲ್ಲಿ ಆಮೇಲೆ ಇನ್ನೊಬ್ಬ ಮಹಿಳೆ ಕೂತಿಲ್ಲ.

2023ರಲ್ಲಿ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು 10. ಕಾಂಗ್ರೆಸ್‌ನಿಂದ ನಾಲ್ವರು, ಬಿಜೆಪಿಯಿಂದ ಮೂವರು, ಜೆಡಿಎಸ್‌ನಿಂದ ಇಬ್ಬರು, ಪಕ್ಷೇತರರು ಒಬ್ಬರು. ಮೂರೂ ಪಕ್ಷಗಳಲ್ಲಿ ಯಾವುದೂ ಹದಿನೈದು ಮಹಿಳೆಯರಿಗೂ ಟಿಕೆಟ್ ಕೊಟ್ಟಿರಲಿಲ್ಲ. ಈ ಹತ್ತು ಜನರ ಹಿನ್ನೆಲೆ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಮೂಡಿಗೆರೆಯ ನಯನಾ ಅವರು ಮಾಜಿ ಸಚಿವೆ ಮೋಟಮ್ಮ ಅವರ ಮಗಳು. ಹರಪನಹಳ್ಳಿಯ ಲತಾ ಮಲ್ಲಿಕಾರ್ಜುನ ಅವರು ಎಂ.ಪಿ. ಪ್ರಕಾಶ್ ಅವರ ಮಗಳು. ಕೆಜಿಎಫ್‌ನ ರೂಪಕಲಾ ಅವರು ಕೆ.ಎಚ್. ಮುನಿಯಪ್ಪ ಅವರ ಮಗಳು. ಕಲಬುರಗಿ ಉತ್ತರದ ಕನೀಜ್ ಫಾತಿಮಾ ಅವರು ಖಮರುಲ್ ಇಸ್ಲಾಂ ಅವರ ಪತ್ನಿ, ಮಹದೇವಪುರದ ಮಂಜುಳಾ ಅವರು ಅರವಿಂದ ಲಿಂಬಾವಳಿ ಅವರ ಪತ್ನಿ. ಇವರ ಸಾಮರ್ಥ್ಯದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ, ಮತ ಕೊಟ್ಟವರು ಜನ. ನಾನು ಹೇಳುವುದು ದಾರಿಯ ಬಗ್ಗೆ. ಹತ್ತರಲ್ಲಿ ಐವರು ರಾಜಕಾರಣಿಗಳ ಮನೆಯವರು, ಅವರಿಗೆ ದಾರಿ ಮನೆಯೊಳಗಿಂದಲೇ ಇತ್ತು. ಅಂಥ ಮನೆ ಇಲ್ಲದವಳಿಗೆ ಯಾವ ದಾರಿ?

ಸುಳ್ಯದ ಭಾಗೀರಥಿ ಮುರುಳ್ಯ ಅವರನ್ನು ನೋಡಿ. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಆರು ಸಲ ಶಾಸಕರಾಗಿದ್ದ ಎಸ್. ಅಂಗಾರ ಅವರ ಜಾಗಕ್ಕೆ 2023ರಲ್ಲಿ ಬಿಜೆಪಿ ಇವರಿಗೆ ಟಿಕೆಟ್ ಕೊಟ್ಟಿತು, ಗೆದ್ದರು. ಅದಕ್ಕೆ ಮುಂಚೆ ಅವರು ತಾಲ್ಲೂಕು ಪಂಚಾಯಿತಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ಸದಸ್ಯೆಯಾಗಿದ್ದವರು. ದೊಡ್ಡ ಮನೆತನದ ಹೆಸರಿಲ್ಲದವರು ಮೇಲೆ ಬರುವ ದಾರಿ ಇದು. ಬಾಗಲಕೋಟೆಯಲ್ಲಿ ವೀಣಾ ಕಾಶಪ್ಪನವರ ಅವರು ರಾಜಕೀಯ ಕುಟುಂಬದವರೇ ಆದರೂ ಜಿಲ್ಲಾ ಪಂಚಾಯಿತಿ ಅಧ್ಯಕ್ಷೆಯಾಗಿ ಜಿಲ್ಲೆಗೆಲ್ಲ ಪರಿಚಯವಾದ ಮೇಲೆ 2019ರಲ್ಲಿ ಕಾಂಗ್ರೆಸ್ ಅವರನ್ನು ಲೋಕಸಭೆಗೆ ನಿಲ್ಲಿಸಿತು. ಸೋತರು. 2024ರಲ್ಲಿ ಟಿಕೆಟ್ ಅವರಿಗೆ ಸಿಗಲಿಲ್ಲ, ಸಚಿವ ಶಿವಾನಂದ ಪಾಟೀಲರ ಮಗಳು ಸಂಯುಕ್ತಾ ಪಾಟೀಲರಿಗೆ ಹೋಯಿತು. ಜಿಲ್ಲಾ ಪಂಚಾಯಿತಿ ದಾಟಿದ ಮೇಲೂ ದಾರಿ ಸಲೀಸಲ್ಲ ಎಂಬುದಕ್ಕೂ ಇದು ಉದಾಹರಣೆ.

ಗೆದ್ದ ಮೇಲಿನ ಕಥೆ ಬೇಗ ಹೇಳಿ ಮುಗಿಸಬಹುದು. ಮೋಟಮ್ಮ, ಉಮಾಶ್ರೀ, ಜಯಮಾಲಾ, ಶಶಿಕಲಾ ಜೊಲ್ಲೆ, ಲಕ್ಷ್ಮಿ ಹೆಬ್ಬಾಳಕರ. ಬೇರೆ ಬೇರೆ ಸರ್ಕಾರ, ಖಾತೆ ಮಾತ್ರ ಒಂದೇ: ಮಹಿಳಾ ಮತ್ತು ಮಕ್ಕಳ ಕಲ್ಯಾಣ. 2023ರ ಸಂಪುಟ ಪೂರ್ತಿಯಾದಾಗ 34 ಸಚಿವರಲ್ಲಿ ಮಹಿಳೆ ಒಬ್ಬರೇ. ಗೃಹಲಕ್ಷ್ಮಿ, ಶಕ್ತಿ ಯೋಜನೆಗಳಿಂದ ಕೋಟಿಗಟ್ಟಲೆ ಹೆಂಗಸರಿಗೆ ಅನುಕೂಲವಾಗಿದೆ, ನಾನು ಅವುಗಳ ಪರ. ಆದರೆ ಹೆಂಗಸರಿಗೆ ಕೊಡುವುದು ಬೇರೆ, ಕೊಡುವ ಜಾಗದಲ್ಲಿ ಹೆಂಗಸರು ಕೂರುವುದು ಬೇರೆ.

ಗ್ರಾಮ ಪಂಚಾಯಿತಿ ಇತ್ತಲ್ಲ ಎಂಬ ಮಾತು

ಇದನ್ನು ಹಲವರು ಹೇಳುತ್ತಾರೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು, ಅರ್ಧ ಮಂದಿ ಮಹಿಳೆಯರೇ ಬಂದರು, ಇನ್ನೇನು ಬೇಕು ಎಂದು. ಗ್ರಾಮ ಪಂಚಾಯಿತಿ ದೊಡ್ಡ ಶಾಲೆ, ಒಪ್ಪುತ್ತೇನೆ. ಆದರೆ ಒಂದು ವಾರ್ಡಿನ ಕೆಲವು ನೂರು ಮತದಾರರಿಂದ ಸುಮಾರು 2.3 ಲಕ್ಷ ಮತದಾರರ ವಿಧಾನಸಭಾ ಕ್ಷೇತ್ರಕ್ಕೆ ಒಂದೇ ಸಲಕ್ಕೆ ಹಾರಲು ಯಾರಿಗೆ ಸಾಧ್ಯ? ಹಣ ಇರುವವರಿಗೆ, ಇಲ್ಲವೇ ಮನೆತನದ ಹೆಸರು ಇರುವವರಿಗೆ. ಪಕ್ಷದ ಜಿಲ್ಲಾ ಮುಖಂಡರಿಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯೆಯ ಹೆಸರೂ ಗೊತ್ತಿರುವುದಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯೆಯಾದರೆ ಅವರ ಫೋನಿನಲ್ಲಿ ಅವಳ ನಂಬರು ಇರುತ್ತದೆ.

ಪಕ್ಷದ ಒಳಗಿನ ಲೆಕ್ಕದಲ್ಲೂ ಅವಳಿಗೆ ಬೆಲೆ ಇರುತ್ತಿತ್ತು. ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಮತ ಹಾಕುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. 2021ರ ಡಿಸೆಂಬರಿನಲ್ಲಿ ಆ ಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೇ ಇರಲಿಲ್ಲ. ಅವರಿಲ್ಲದೆಯೇ ಮೇಲ್ಮನೆ ತುಂಬಿತು. ಮತ ಕೇಳಿಕೊಂಡು ಅವಳ ಮನೆಗೆ ಬರಬೇಕಿದ್ದ ಮುಖಂಡರು ಬರುವ ಅಗತ್ಯವೇ ಬೀಳಲಿಲ್ಲ.

ಇನ್ನು ಉಳಿಯುವುದು ಪಕ್ಷಗಳ ಮಹಿಳಾ ಘಟಕ. ಮಹಿಳಾ ಮೋರ್ಚಾ, ಮಹಿಳಾ ಕಾಂಗ್ರೆಸ್ ಎರಡರಲ್ಲೂ ದುಡಿಯುವ ಹೆಂಗಸರು ಬಹಳ. ಸಮಾವೇಶಕ್ಕೆ ಜನ ಕರೆತರುವುದು, ಮನೆಮನೆ ಪ್ರಚಾರ, ಬೆಲೆಯೇರಿಕೆ ವಿರುದ್ಧ ಧರಣಿ ಎಲ್ಲದಕ್ಕೂ ಇವರೇ ಬೇಕು. ಆದರೆ ಟಿಕೆಟ್ ಹಂಚುವ ಸಮಿತಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ವರ್ಷ ದುಡಿದಿದ್ದೀರಿ’ ಎಂದಲ್ಲ. ‘ನಿಮಗೆ ಎಷ್ಟು ಮತ ಇದೆ’ ಎಂದು. ಆ ಪ್ರಶ್ನೆಗೆ ಜಿಲ್ಲಾ ಪಂಚಾಯಿತಿಗೆ ನಿಂತವಳ ಹತ್ತಿರ ಅಂಕಿ ಇರುತ್ತದೆ: ಇಷ್ಟು ಬೂತು, ಇಷ್ಟು ಮತ. ಬರೀ ಘಟಕದಲ್ಲಿ ದುಡಿದವಳ ಹತ್ತಿರ ಅದು ಇರುವುದಿಲ್ಲ.

ಎಪ್ಪತ್ತೈದು ಹೆಸರು

2023ರ ಸೆಪ್ಟೆಂಬರಿನಲ್ಲಿ ಸಂವಿಧಾನದ 106ನೇ ತಿದ್ದುಪಡಿ ಬಂತು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು ಅದು ಹೇಳುತ್ತದೆ. ಜನಗಣತಿ ಆಗಬೇಕು, ಕ್ಷೇತ್ರ ಪುನರ್ವಿಂಗಡಣೆ ಆಗಬೇಕು, ಆಮೇಲೆ ಜಾರಿ ಎಂಬ ಷರತ್ತಿನೊಡನೆ ಅದು ಅಂಗೀಕಾರವಾಯಿತು. ಈಗಿನ 224 ಸ್ಥಾನಗಳಿಗೇ ಲೆಕ್ಕ ಹಾಕಿದರೂ ಕರ್ನಾಟಕದಲ್ಲಿ 75 ಮಹಿಳಾ ಕ್ಷೇತ್ರಗಳಾಗುತ್ತವೆ. ಹದಿನೈದು ಹೆಸರು ಹುಡುಕದ ಪಕ್ಷಗಳು ಆಗ ಒಂದೊಂದೂ 75 ಹೆಸರು ಹುಡುಕಬೇಕು.

ಆ ಹೆಸರುಗಳು ಎಲ್ಲಿಂದ ಬರಬೇಕಿತ್ತು? 2021ರಲ್ಲಿ ಮೊದಲ ಸಲ ಜಿಲ್ಲಾ ಪಂಚಾಯಿತಿಗೆ ನಿಲ್ಲಬೇಕಿದ್ದ, ಈಗ ಒಂದು ಅವಧಿ ಕೆಲಸ ಮುಗಿಸಿರಬೇಕಿದ್ದ ಹೆಣ್ಣುಮಕ್ಕಳಿಂದ. 2016ರಲ್ಲಿ ಬಂದವರಲ್ಲಿ ಯುವತಿಯರೂ ಇದ್ದರು. ಅವರಿಗೆ ಎರಡನೆಯ ಅವಕಾಶ ಸಿಗಲಿಲ್ಲ. ಕ್ಷೇತ್ರಗಳ ಗಡಿಯೂ ಹೊಸದಾಗಿ ಬರೆದಿರುವುದರಿಂದ, ಅವರು ಪ್ರತಿನಿಧಿಸಿದ ಕ್ಷೇತ್ರ ಎಷ್ಟೋ ಕಡೆ ಅದೇ ರೂಪದಲ್ಲಿ ಉಳಿದಿಲ್ಲ. ಮತ್ತೆ ಚುನಾವಣೆ ಬಂದರೂ ಹೊಸ ಊರುಗಳಲ್ಲಿ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕು.

ಸಿದ್ಧತೆ ಇಲ್ಲದೆ 75 ಕ್ಷೇತ್ರ ಬಂದರೆ ಪಕ್ಷಗಳು ಏನು ಮಾಡುತ್ತವೆ ಎಂದು ಊಹಿಸುವುದು ಕಷ್ಟವಲ್ಲ. ಟಿಕೆಟ್ ತಪ್ಪಿದ ಶಾಸಕರ ಹೆಂಡತಿ, ಮಗಳು, ಸೊಸೆ. ಆಮೇಲೆ ಅದೇ ಜನ ‘ನೋಡಿ, ಮೀಸಲಾತಿ ಕೊಟ್ಟರೂ ಹೆಂಗಸರಲ್ಲಿ ನಾಯಕತ್ವ ಎಲ್ಲಿದೆ’ ಎಂದು ಕೇಳುತ್ತಾರೆ.

ಇದನ್ನು ತಪ್ಪಿಸಲು ಹೊಸ ಯೋಜನೆ ಬೇಡ, ಹೊಸ ಆಯೋಗ ಬೇಡ. ತಾಲ್ಲೂಕು, ಜಿಲ್ಲಾ ಪಂಚಾಯಿತಿ ಚುನಾವಣೆ ನಡೆಸಬೇಕು, ಅಷ್ಟೇ. ನಿಮ್ಮ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯೆ ಯಾರು, ಯಾಕಿಲ್ಲ? ಮಹಿಳಾ ಘಟಕದಲ್ಲಿರುವ ಅಕ್ಕಂದಿರು ಇದೇ ಪ್ರಶ್ನೆಯನ್ನು ತಮ್ಮ ತಮ್ಮ ಪಕ್ಷದ ಜಿಲ್ಲಾಧ್ಯಕ್ಷರ ಮುಂದೆ ಇಡಲಿ. ಬಿಜೆಪಿಯವರು ಬಿಜೆಪಿಯಲ್ಲಿ, ಕಾಂಗ್ರೆಸ್‌ನವರು ಕಾಂಗ್ರೆಸ್‌ನಲ್ಲಿ, ಜೆಡಿಎಸ್‌ನವರು ಜೆಡಿಎಸ್‌ನಲ್ಲಿ. ಸಮಾವೇಶಕ್ಕೆ ಬಸ್ಸು ತುಂಬಿಸಿ ಎಂದು ಮುಂದಿನ ಫೋನು ಬಂದಾಗಲೇ ಕೇಳಬಹುದು.